ಸೂರ್ಯನಿಗೆ ಲೈನ್ ಎಲ್ಲಿಂದ?

ನಿವೃತ್ತನಾದ ಗಂಡಸಿಗೆ ಸ್ವಂತದ್ದು ಅಂತ ಒಂದು ಸಿದ್ಧಾಂತ ಇರಬೇಕು. ಇಲ್ಲದಿದ್ದರೆ ಮನೆಯವರು ಅವನ ಕೈಗೆ ತರಕಾರಿ ಚೀಲ ಕೊಡುತ್ತಾರೆ. ಇದು ನಾನು ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕಂಡುಕೊಂಡ ಸತ್ಯ. ಅಲ್ಲಿ ಬೆಳಿಗ್ಗೆ ನಡೆಯಲು ಬರುವವರಲ್ಲಿ ಸಿದ್ಧಾಂತ ಇಲ್ಲದವರೇ ಇಲ್ಲ. ಒಬ್ಬರು ಎಲ್ಲ ಕಾಯಿಲೆಗೂ ಮೆಂತ್ಯದ ನೀರು ಅನ್ನುತ್ತಾರೆ. ಇನ್ನೊಬ್ಬರು ದೇಶ ಹಾಳಾದದ್ದೇ ಪಾಲಿಶ್ ಮಾಡಿದ ಅಕ್ಕಿಯಿಂದ ಅನ್ನುತ್ತಾರೆ. ಮತ್ತೊಬ್ಬರಿಗೆ ಹಿಂದುಹಿಂದಕ್ಕೆ ನಡೆದರೆ ವಯಸ್ಸೂ ಹಿಂದಕ್ಕೆ ಹೋಗುತ್ತದೆ ಎಂಬ ನಂಬಿಕೆ. ಅವರು ಹಾಗೆ ನಡೆಯುತ್ತಾ ಆಗಾಗ ಯಾರಿಗಾದರೂ ಡಿಕ್ಕಿ ಹೊಡೆದು, ಹೊಡೆಸಿಕೊಂಡವರಿಗೇ ಬೈಯುತ್ತಾರೆ. ಇವರೆಲ್ಲರ ನಡುವೆ ನಾನೊಬ್ಬ ಎಷ್ಟು ದಿನ ಅಂತ ಬರಿಗೈಯಲ್ಲಿ ನಡೆಯಲಿ? ಆದರೆ ನನ್ನದು ಮೆಂತ್ಯ, ಅಕ್ಕಿಯ ಮಟ್ಟದ್ದಲ್ಲ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನನ್ನ ಸಿದ್ಧಾಂತ ನೇರವಾಗಿ ಸೂರ್ಯನಿಗೇ ಸಂಬಂಧಿಸಿದ್ದು. ಸೂರ್ಯ ಉರಿಯುವುದು ತನ್ನ ಒಳಗಿನ ಶಕ್ತಿಯಿಂದ ಅಲ್ಲ, ಹೊರಗಿನಿಂದ ಬರುವ ಕರೆಂಟಿನಿಂದ. ನಮ್ಮ ತಲೆಯ ಮೇಲೆ ದಿನಾ ಹಾದುಹೋಗುವುದು ಒಂದು ಭಾರಿ ಎಲೆಕ್ಟ್ರಿಕ್ ಫರ್ನೆಸ್ಸು.

ನಗಬೇಡಿ. ಇದನ್ನು ಹೇಳಲು ನನಗಿರುವ ಅರ್ಹತೆ ಶಿವಮೊಗ್ಗದಲ್ಲಿ ಬೇರೆ ಯಾರಿಗೂ ಇಲ್ಲ. ನಾನು ಭದ್ರಾವತಿಯ ಕಾರ್ಖಾನೆಯಲ್ಲಿ, ಉಕ್ಕು ಕರಗಿಸುವ ಎಲೆಕ್ಟ್ರಿಕ್ ಫರ್ನೆಸ್ಸಿನ ವಿಭಾಗದಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿದ್ದವನು. ಆ ಫರ್ನೆಸ್ಸಿಗೆ ಕಲ್ಲಿದ್ದಲು ಹಾಕುವುದಿಲ್ಲ, ಊದುವುದಿಲ್ಲ. ಕಂಬದಷ್ಟು ದಪ್ಪನೆಯ ಮೂರು ಕಪ್ಪು ಎಲೆಕ್ಟ್ರೋಡುಗಳು ಮೇಲಿನಿಂದ ನಿಧಾನವಾಗಿ ಇಳಿಯುತ್ತವೆ. ಕೆಳಗೆ ಹಳೆಯ ಕಬ್ಬಿಣದ ರಾಶಿ. ಎರಡೂ ಹತ್ತಿರ ಬಂದಾಗ ನಡುವೆ ಕರೆಂಟು ಜಿಗಿಯುತ್ತದೆ. ಆಗ ಏಳುವ ಬೆಳಕನ್ನು ನೀಲಿ ಗಾಜಿಲ್ಲದೆ ನೋಡುವ ಹಾಗಿಲ್ಲ, ಆ ಸದ್ದಿಗೆ ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳುವುದಿಲ್ಲ. ನಾವು ಫರ್ನೆಸ್ ಹಚ್ಚಿದೆವೆಂದರೆ ಕ್ವಾರ್ಟರ್ಸಿನ ಮನೆಗಳಲ್ಲಿ ಬಲ್ಬುಗಳು ಒಮ್ಮೆ ಮಂಕಾಗಿ ಮತ್ತೆ ಬೆಳಗುತ್ತಿದ್ದವು. ನನ್ನ ಹೆಂಡತಿ ಗಿರಿಜೆ ಅದನ್ನು ನೋಡಿ, "ನಮ್ಮನೆಯವರು ಕೆಲಸ ಶುರು ಮಾಡಿದ್ರು" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳಂತೆ. ಬೇರೆ ಗಂಡಸರು ಹೆಂಡತಿಗೆ ಫೋನ್ ಮಾಡಿ ಆಫೀಸು ತಲುಪಿದೆ ಅನ್ನುತ್ತಾರೆ. ನಾನು ಊರಿನ ದೀಪವನ್ನೇ ಮಿಟುಕಿಸಿ ಹೇಳುತ್ತಿದ್ದೆ. ಇಂಥವನಿಗೆ ಸೂರ್ಯನ ಬಗ್ಗೆ ಮಾತಾಡುವ ಹಕ್ಕಿಲ್ಲವೆಂದರೆ ಇನ್ನು ಯಾರಿಗಿದೆ ಸ್ವಾಮಿ?

ತೊಂದರೆ ಏನೆಂದರೆ, ನಿವೃತ್ತಿಯ ನಂತರ ನಾವು ಶಿವಮೊಗ್ಗಕ್ಕೆ ಬಂದು ನೆಲೆಸಿದೆವು. ಭದ್ರಾವತಿಗೂ ಶಿವಮೊಗ್ಗಕ್ಕೂ ಒಂದು ಕುರುಕು ತಿಂಡಿಯ ಪೊಟ್ಟಣ ಮುಗಿಯುವಷ್ಟು ದೂರ. ಆದರೆ ಅಷ್ಟರಲ್ಲೇ ನಾನು ಬೇರೆ ಮನುಷ್ಯನಾಗಿಬಿಟ್ಟೆ. ನನ್ನ ಮಗಳು ಸುಮನಾ ಇಲ್ಲಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ನಮ್ಮ ಮನೆಯ ಮಹಡಿಯಲ್ಲೇ ಗಂಡನೊಂದಿಗೆ ಇದ್ದಾಳೆ. ಭದ್ರಾವತಿಯಲ್ಲಿ ಅವಳನ್ನು ಎಲ್ಲರೂ "ಫೋರ್‌ಮನ್ ಮಗಳು" ಅನ್ನುತ್ತಿದ್ದರು. ಶಿವಮೊಗ್ಗದಲ್ಲಿ ನಾನು "ಸುಮನಾ ಮೇಡಂ ಅವರ ಅಪ್ಪ". ದುರ್ಗಿಗುಡಿಯಲ್ಲಿ ಔಷಧಿ ಅಂಗಡಿಯವನು, ಚಪ್ಪಲಿ ಹೊಲಿಸಲು ಹೋದಲ್ಲಿ ಪಕ್ಕ ನಿಂತ ಹುಡುಗಿ, ಗಾಂಧಿ ಬಜಾರಿನಲ್ಲಿ ಬೆಲ್ಲ ತೂಗುವವರು, ಎಲ್ಲರೂ ಒಂದೇ ರಾಗ: "ಓ, ಸುಮನಾ ಮೇಡಂ ಅಪ್ಪ ಅಲ್ವಾ?" ಹೆಮ್ಮೆ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಎದೆ ಒಂದಿಷ್ಟು ಉಬ್ಬುತ್ತದೆ. ಆದರೆ ಉಬ್ಬಿದ ಎದೆಯೊಳಗೆ ಒಂದು ಮುಳ್ಳೂ ಚುಚ್ಚುತ್ತದೆ. ನನ್ನ ಹೆಸರು ಮಹೇಶ್ವರಪ್ಪ ಎಂದು ಈ ಊರಿನಲ್ಲಿ ಗೊತ್ತಿರುವುದು ಗ್ಯಾಸ್ ತರುವವನೊಬ್ಬನಿಗೇ. ನನಗೂ ಒಂದು ಸಲ, ಒಂದೇ ಒಂದು ಸಲ, ಶಿವಮೊಗ್ಗದಲ್ಲಿ ಫೋರ್‌ಮನ್ ಅನ್ನಿಸಿಕೊಳ್ಳಬೇಕು ಅಂತ ಆಸೆ. ಅದು ತಪ್ಪೇ?

ಸಿದ್ಧಾಂತ ಹುಟ್ಟಿದ್ದು ಅಡುಗೆಮನೆಯಲ್ಲಿ. ಸುಮನಾ ಮನೆಯ ತಾರಸಿಗೆ ಸೋಲಾರ್ ಪ್ಯಾನಲ್ ಹಾಕಿಸಿದ್ದಾಳೆ. ಅದು ಬೀದಿಯ ಲೈನಿಗೆ ಜೋಡಿಸಿದ್ದು. ಒಂದು ದಿನ ಮಟಮಟ ಮಧ್ಯಾಹ್ನ, ಗಿರಿಜೆ ಚಟ್ನಿ ರುಬ್ಬುತ್ತಿರುವಾಗ ಕರೆಂಟು ಹೋಯಿತು, ಮಿಕ್ಸಿ ನಿಂತಿತು. ಅವಳು ಸೌಟು ಹಿಡಿದು ಹೊರಗೆ ಬಂದಳು. "ಅಲ್ರೀ, ಮೇಲೆ ಸೂರ್ಯ ಹಾಗೆ ಉರೀತಾ ಇದಾನೆ, ತಾರಸಿ ತುಂಬ ಗಾಜು ಹಾಸಿದೀರಿ, ನನ್ನ ಮಿಕ್ಸಿ ಯಾಕೆ ನಿಲ್ತು?" ಎಂದು ಕೇಳಿದಳು. ನಾನು ತಾಳ್ಮೆಯಿಂದ ವಿವರಿಸಿದೆ. ಬೀದಿಯ ಲೈನ್ ಸತ್ತಾಗ ನಮ್ಮ ಸೋಲಾರ್ ತಾನಾಗಿಯೇ ನಿಲ್ಲಬೇಕು. ಇಲ್ಲದಿದ್ದರೆ ನಮ್ಮ ಮನೆಯ ಕರೆಂಟು ತಂತಿಗೆ ಹರಿದು, ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್ನಿಗೆ ಹೊಡೆಯುತ್ತದೆ. ಅವಳು ಅಷ್ಟನ್ನೂ ಕೇಳಿಸಿಕೊಂಡು, "ಅಂದ್ರೆ ಲೈನ್ ಇದ್ರೆ ಸೂರ್ಯ, ಲೈನ್ ಇಲ್ದಿದ್ರೆ ಸೂರ್ಯನೂ ಇಲ್ಲ. ಅಷ್ಟೇ ತಾನೆ?" ಎಂದು ಒಳಗೆ ಹೋದಳು.

ಅವಳು ಚಟ್ನಿಯ ಸಿಟ್ಟಿನಲ್ಲಿ ಆಡಿದ ಮಾತು ನನ್ನ ತಲೆಯಲ್ಲಿ ಕಿಡಿ ಹಾರಿಸಿತು. ಲೈನ್ ಇದ್ದರೆ ಸೂರ್ಯ! ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಸೂರ್ಯ, ಕರೆಂಟು ಅಂತ ಹುಡುಕಿದೆ. ಏನಾಶ್ಚರ್ಯ ಅಂತೀರಿ! ಯಾವುದೋ ದೇಶದ ಒಬ್ಬ ಬಿಳಿಗಡ್ಡದ ಯಜಮಾನರು ಬೋರ್ಡಿನ ಮೇಲೆ ಚಿತ್ರ ಬರೆದು ಅದನ್ನೇ ಹೇಳುತ್ತಿದ್ದಾರೆ. ನಕ್ಷತ್ರಗಳ ನಡುವೆ ಕಣ್ಣಿಗೆ ಕಾಣದ ಕರೆಂಟು ಹರಿಯುತ್ತದಂತೆ, ಅದು ಬಂದು ಸೇರುವ ಜಾಗವೇ ಸೂರ್ಯನಂತೆ. ವಿಜ್ಞಾನಿಗಳು ಒಪ್ಪುವುದಿಲ್ಲವಂತೆ. ಒಪ್ಪದಿದ್ದರೆ ಬಿಡಲಿ, ಅವರು ಯಾವತ್ತು ಫರ್ನೆಸ್ ಹಚ್ಚಿದ್ದಾರೆ? ಆ ಯಜಮಾನರ ಮಾತಿನಲ್ಲಿ ಒಂದು ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಸೂರ್ಯನ ಮೈಗಿಂತ ಅದರ ಸುತ್ತಲಿನ ಪ್ರಭೆ ಎಷ್ಟೋ ಪಾಲು ಹೆಚ್ಚು ಬಿಸಿಯಂತೆ. ಇದನ್ನು ವಿಜ್ಞಾನಿಗಳೂ ಒಪ್ಪುತ್ತಾರೆ. ಬಚ್ಚಲ ಒಲೆಗಿಂತ ಬಚ್ಚಲಿನ ಹೊರಗಿನ ಗಾಳಿ ಬಿಸಿ ಅಂದರೆ ನೀವು ನಂಬುತ್ತೀರಾ? ಬೆಂಕಿ ಹೊರಗಿನಿಂದ ಬರುತ್ತಿದೆ ಅಂತ ತಾನೆ ಅದರ ಅರ್ಥ?

ಇದನ್ನೆಲ್ಲ ಮಗಳ ಮುಂದೆ ಇಟ್ಟೆ. ಅವಳು ನಗಲಿಲ್ಲ, ಅದೇ ಅವಳ ಅಪಾಯಕಾರಿ ಗುಣ. "ಅಪ್ಪ, ಹೊರಗಿನ ಪ್ರಭೆ ಯಾಕೆ ಅಷ್ಟು ಬಿಸಿ ಅನ್ನೋದು ಒಳ್ಳೆ ಪ್ರಶ್ನೆ. ನಮಗೂ ಅದು ಪೂರ್ತಿ ಬಗೆಹರಿದಿಲ್ಲ" ಎಂದಳು. ನಾನು ಗೆದ್ದೆ ಅಂದುಕೊಂಡು ಮುಂದಿನ ಬಾಣ ಬಿಟ್ಟೆ. "ಇಷ್ಟು ಕಾಲದಿಂದ ಉರೀತಾ ಇದೆಯಲ್ಲ, ಉರಿದು ಉಳಿದ ಕಸ, ಕಿಟ್ಟ, ಎಲ್ಲಿ? ಕಿಟ್ಟ ಇಲ್ಲದ ಫರ್ನೆಸ್ಸನ್ನ ನಾನಂತೂ ಕಂಡಿಲ್ಲ." ಅವಳು, "ಅದು ಉರಿಯೋದಲ್ಲ ಅಪ್ಪ. ಒಳಗೆ ಹೈಡ್ರೋಜನ್ ಒಂದಕ್ಕೊಂದು ಬೆಸೆದು ಹೀಲಿಯಂ ಆಗುತ್ತೆ, ಆಗ ಶಕ್ತಿ ಬರುತ್ತೆ. ನಿಮ್ಮ ಲೆಕ್ಕದಲ್ಲಿ ಹೀಲಿಯಮ್ಮೇ ಕಿಟ್ಟ" ಎಂದಳು. ಕಿಟ್ಟ ಇದೆ ಅಂತ ಕೇಳಿ ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು, ಸೋತ ಹಾಗೂ ಆಯಿತು. ಅಷ್ಟಕ್ಕೆ ಬಿಡುವವನಲ್ಲ ನಾನು. ಹಳೆಯ ಟ್ರಂಕಿನಿಂದ ಫರ್ನೆಸ್ ನೋಡುವ ನೀಲಿ ಗಾಜನ್ನು ತೆಗೆದು ಸೂರ್ಯನನ್ನೇ ನೋಡಲು ಹೊರಟೆ. ಸುಮನಾ ಓಡಿಬಂದು ಕಿತ್ತುಕೊಂಡಳು. "ಕಣ್ಣು ಹೋಗುತ್ತೆ! ಇದು ಉಕ್ಕು ನೋಡೋ ಗಾಜು, ಸೂರ್ಯನ್ನ ನೋಡೋದಲ್ಲ" ಎಂದು ಚಿಕ್ಕ ಹುಡುಗನಿಗೆ ಗದರಿದಂತೆ ಗದರಿ, ಬೈನಾಕ್ಯುಲರನ್ನು ಸೂರ್ಯನ ಕಡೆಗೆ ತಿರುಗಿಸಿ, ಅದರ ಹಿಂದೆ ಬಿಳಿ ರಟ್ಟು ಹಿಡಿದಳು. ರಟ್ಟಿನ ಮೇಲೆ ಸೂರ್ಯ ಬಂದು ಕೂತ, ಅಕ್ಕಿರೊಟ್ಟಿಯ ಮೇಲೆ ಸೀದ ಚುಕ್ಕೆಗಳಿರುವ ಹಾಗೆ ಮೈಮೇಲೆ ಎರಡು ಕಪ್ಪು ಕಲೆ.

"ನೋಡು!" ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು. "ತೂತು! ಒಳಗೆ ಕತ್ತಲು! ಬಿಸಿಯೆಲ್ಲ ಹೊರಗಿನ ಸಿಪ್ಪೇಲಿದೆ ಮಾರಾಯ್ತಿ!" ಸುಮನಾ ಶಾಂತವಾಗಿ, ಅದು ತೂತಲ್ಲ, ಅಲ್ಲಿ ಅಯಸ್ಕಾಂತದ ಬಲ ಒಳಗಿನ ಬಿಸಿಯನ್ನು ಮೇಲೆ ಬರಲು ಬಿಡುತ್ತಿಲ್ಲ, ಸುತ್ತಲಿನ ಬೆಳಕು ಜಾಸ್ತಿ ಇರುವುದರಿಂದ ಕಪ್ಪಾಗಿ ಕಾಣುತ್ತದೆ ಅಷ್ಟೆ, ಅದೊಂದನ್ನೇ ಕತ್ತರಿಸಿ ಆಕಾಶದಲ್ಲಿ ನೇತುಹಾಕಿದರೆ ನಿಮ್ಮ ಕರಗಿದ ಉಕ್ಕಿಗಿಂತ ಜೋರಾಗಿ ಹೊಳೆಯುತ್ತದೆ ಎಂದಳು. ಉಕ್ಕಿಗಿಂತ ಅಂದದ್ದು ನನಗೆ ಹಿಡಿಸಲಿಲ್ಲ. ಮಾತು ಅಲ್ಲಿಗೇ ನಿಲ್ಲಿಸಿದೆ.

ಇಷ್ಟೇ ಆಗಿದ್ದರೆ ಇದು ಮನೆಯೊಳಗಿನ ಜಗಳವಾಗಿ ಮುಗಿಯುತ್ತಿತ್ತು. ಆದರೆ ಮಾರನೆಯ ವಾರ ಬೆಳಿಗ್ಗೆ ಪಾರ್ಕಿನ ಬಳಗದ ಅಧ್ಯಕ್ಷರಾದ ಗುರುಶಾಂತಪ್ಪನವರು ಮನೆಗೆ ಬಂದರು. ನಿವೃತ್ತ ಬ್ಯಾಂಕ್ ಮ್ಯಾನೇಜರು, ಬಹಳ ಮೃದು ಮನುಷ್ಯ, ಸಾಲ ಇಲ್ಲ ಅನ್ನುವುದನ್ನೂ ಕಾಫಿ ಕುಡಿಸಿ ಹೇಳಿದವರು. ಪ್ರತಿ ವರ್ಷ ರಥಸಪ್ತಮಿಯ ದಿನ ನಮ್ಮ ಪಾರ್ಕಿನಲ್ಲಿ ಸಾಮೂಹಿಕ ಸೂರ್ಯನಮಸ್ಕಾರ ಇರುತ್ತದೆ. ಮೊಣಕಾಲು ಸರಿ ಇರುವವರು ನಮಸ್ಕಾರ ಹಾಕುತ್ತಾರೆ, ಉಳಿದವರು ಕುರ್ಚಿಯಲ್ಲಿ ಕೂತು ತಪ್ಪು ಎಣಿಸುತ್ತಾರೆ. ಆಮೇಲೆ ಉಪ್ಪಿಟ್ಟು. ಗುರುಶಾಂತಪ್ಪನವರು ಜಗುಲಿಯಲ್ಲಿ ಕೂತು, ನನ್ನ ಭುಜದ ಮೇಲಿಂದ ಒಳಗೆ ಇಣುಕುತ್ತಾ, "ಯಜಮಾನ್ರೆ, ಈ ಸಲ ನಮಸ್ಕಾರ ಆದ್ಮೇಲೆ ಸೂರ್ಯನ ಬಗ್ಗೆ ಒಂದು ಉಪನ್ಯಾಸ ಇಡೋಣ ಅಂತ. ನಿಮ್ಮ ಮನೆಯಿಂದಲೇ..." ಎಂದು ಶುರು ಮಾಡಿದರು. ಅವರು ಮುಗಿಸುವ ಮೊದಲೇ ನಾನು ಅವರ ಎರಡೂ ಕೈ ಹಿಡಿದುಕೊಂಡೆ. "ಖಂಡಿತ ಬರ್ತೀನಿ! ವಿಷಯ ರೆಡಿ ಇದೆ. ನೀವು ಕೇಳಿದ್ದೇ ಹೆಚ್ಚು!" ಎಂದೆ. ಅವರು ಬಿಸಿ ಬೋಂಡಾ ಬಾಯಿಗಿಟ್ಟುಕೊಂಡವರ ಹಾಗೆ ಒಂದು ಕ್ಷಣ ಬಾಯಿ ತೆರೆದು, ಮುಚ್ಚಿ, "ಸಂತೋಷ... ಬಹಳ ಸಂತೋಷ" ಎಂದು ಎದ್ದರು. ನನಗೇ ಅಷ್ಟು ಖುಷಿಯಾದಾಗ ಅವರಿಗೂ ಆಗಿರಬೇಕು ಅಂದುಕೊಂಡೆ.

ಆ ಕೂಡಲೇ ಭದ್ರಾವತಿಗೆ ಬಸ್ ಹತ್ತಿದೆ. ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವುದಕ್ಕಾಗುತ್ತದೆಯೇ? ಹಳೆಯ ಗೆಳೆಯರು ಸೇರುವ ಟೀ ಅಂಗಡಿಯಲ್ಲಿ ಆರ್ಮುಗಂ ಸಿಕ್ಕಿದ. ನನ್ನ ಕಾಲದಲ್ಲಿ ಕ್ರೇನ್ ನಡೆಸುತ್ತಿದ್ದವನು, ಮನೆಮಾತು ತಮಿಳು, ನಾನು ಏನು ಹೇಳಿದರೂ ಮೊದಲು ಒಪ್ಪಿ ಆಮೇಲೆ ಕೇಳಿಸಿಕೊಳ್ಳುವ ಸ್ನೇಹಿತ. ಅವನ ಮುಂದೆ, ಇನ್ನೂ ನಾಲ್ಕಾರು ಜನ ಹಳಬರ ಮುಂದೆ, ಇಡೀ ಭಾಷಣ ಒಪ್ಪಿಸಿದೆ. ಟೀ ಲೋಟವೇ ಸೂರ್ಯ, ಚಮಚಗಳೇ ಎಲೆಕ್ಟ್ರೋಡು. ಎಲ್ಲರೂ ಚಪ್ಪಾಳೆ ತಟ್ಟಿದರು. "ಸೂಪರ್ ಸಾರ್! ಅಂದ್ರೆ ನಾವು ಇಷ್ಟು ವರ್ಷ ಸೂರ್ಯನ ಡಿಪಾರ್ಟ್‌ಮೆಂಟಲ್ಲೇ ಡ್ಯೂಟಿ ಮಾಡಿದ್ದು!" ಎಂದು ಆರ್ಮುಗಂ ಎದ್ದು ನಿಂತ. ಆಮೇಲೆ ತಲೆ ಕೆರೆದುಕೊಂಡು, "ಒಂದೇ ಡೌಟು ಸಾರ್. ಇಷ್ಟು ದೊಡ್ಡ ಫರ್ನೆಸ್ಸಿಗೆ ಮೇಂಟೆನೆನ್ಸ್ ಶಟ್‌ಡೌನ್ ಯಾವಾಗ ತಗೋತಾರೆ?" ಎಂದು ಕೇಳಿದ. ನಾನು ಏನೂ ಯೋಚಿಸದೆ, "ಗ್ರಹಣದ ದಿನ" ಎಂದೆ. ಅಂಗಡಿ ಹಾರಿಹೋಗುವಷ್ಟು ನಗು, ಚಪ್ಪಾಳೆ. ರಥಸಪ್ತಮಿಗೆ ಎಲ್ಲರೂ ಮೊದಲನೆಯ ಬಸ್ಸಿಗೇ ಬರುವುದೆಂದು ನಿಶ್ಚಯವಾಯಿತು. ಶಿವಮೊಗ್ಗದವರಿಗೆ ನಮ್ಮ ಫೋರ್‌ಮನ್ ಅಂದರೆ ಯಾರು ಅಂತ ತೋರಿಸಿಯೇ ಬಿಡುವುದು ಎಂದು ಆರ್ಮುಗಂ ಮೇಜು ಗುದ್ದಿದ.

ಮನೆಗೆ ಬಂದದ್ದು ರಾತ್ರಿ. ಮರುದಿನ ಬೆಳಿಗ್ಗೆ ಹೇಳಿದಾಗ ಗಿರಿಜೆಯ ಮುಖ ಇಳಿಯಿತು. "ರೀ, ಆ ಬಳಗದವರ ಮಕ್ಕಳು ಮೊಮ್ಮಕ್ಕಳೆಲ್ಲ ಇವಳ ಹತ್ರ ಓದೋರು. ಫಿಸಿಕ್ಸ್ ಮೇಡಂ ಅಪ್ಪ ಸೂರ್ಯನಿಗೆ ಪ್ಲಗ್ ಹಾಕಿದ್ರು ಅಂತ ಊರೆಲ್ಲ ನಗೋಲ್ವಾ? ನಾಳೆ ಇವಳು ಕ್ಲಾಸಲ್ಲಿ ಹೇಗೆ ನಿಂತ್ಕೋಬೇಕು?" ಎಂದಳು. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಆದರೆ ಭದ್ರಾವತಿಗೆಲ್ಲ ಹೇಳಿಯಾಗಿದೆ, ಈಗ ಹಿಂದೆ ಸರಿದರೆ ನನ್ನ ಮರ್ಯಾದೆ ಏನಾಗಬೇಕು? ಒಂದು ಕಡೆ ಮಗಳ ಮುಖ, ಇನ್ನೊಂದು ಕಡೆ ನನ್ನದು. ಸುಮನಾ ಮಾತ್ರ, "ಅಮ್ಮ, ಅಪ್ಪನೇ ಮಾತಾಡ್ಲಿ ಬಿಡು" ಎಂದು ನನ್ನ ಪಕ್ಕ ಬಂದು ಕೂತಳು. "ಆದ್ರೆ ಅಪ್ಪ, ಭಾಷಣಕ್ಕೆ ಮುಂಚೆ ನೀವು ನಮಗೆಲ್ಲ ಕೇಳ್ತಿದ್ದ ಪ್ರಶ್ನೆ ನಾನು ನಿಮಗೆ ಒಂದ್ಸಲ ಕೇಳ್ಲಾ? ಲೈನ್ ತೋರಿಸಿ."

ಇದನ್ನು ಸ್ವಲ್ಪ ವಿವರಿಸಬೇಕು. 'ಲೈನ್ ತೋರಿಸು' ಅನ್ನುವುದು ನನ್ನ ಜೀವಮಾನದ ಮಾತು. ಕಾರ್ಖಾನೆಯಲ್ಲಿ ಯಾವುದಾದರೂ ಮೋಟರು ಕೆಟ್ಟಾಗ ಹೊಸಬರು ಹೀಗಾಗಿರಬಹುದು, ಹಾಗಾಗಿರಬಹುದು ಎಂದು ಕತೆ ಕಟ್ಟುತ್ತಿದ್ದರು. ನಾನು ಯಾರ ಕತೆಯನ್ನೂ ಕೇಳುತ್ತಿರಲಿಲ್ಲ. ಕರೆಂಟು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ವಾಪಸು ಹೋಗುತ್ತದೆ, ತಂತಿ ಹಿಡಿದು ನಡೆದು ತೋರಿಸು, ಆಮೇಲೆ ಮಾತು. ಮಗಳನ್ನೂ ಹಾಗೆಯೇ ಬೆಳೆಸಿದೆ. ಅವಳು ಚಿಕ್ಕವಳಿದ್ದಾಗ ಒಂದು ಸಲ, ಬಲ್ಬಿಗೆ ಕರೆಂಟು ಎಲ್ಲಿಂದ ಬರುತ್ತೆ ಅಂತ ಕೇಳಿದಳು. ನಾನು ಬಾಯಲ್ಲಿ ಹೇಳಲಿಲ್ಲ. ಸ್ವಿಚ್ಚಿನಿಂದ ಮೀಟರಿಗೆ, ಮೀಟರಿನಿಂದ ಕಂಬಕ್ಕೆ ಬೆರಳು ತೋರಿಸುತ್ತಾ ಹೊರಗೆ ಕರೆದುಕೊಂಡು ಬಂದೆ. ಸೈಕಲ್ಲಿನಲ್ಲಿ ಕೂರಿಸಿಕೊಂಡು ಕಂಬದಿಂದ ಕಂಬಕ್ಕೆ ಹೋಗಿ ಸಬ್‌ಸ್ಟೇಷನ್ ತೋರಿಸಿದೆ. ಅಲ್ಲಿಗೆ ಎಲ್ಲಿಂದ ಅಂದಳು. ಇನ್ನೊಂದು ಭಾನುವಾರ ಬಸ್ಸಿನಲ್ಲಿ ಜೋಗದವರೆಗೆ ಕರೆದುಕೊಂಡು ಹೋಗಿ, ಬೆಟ್ಟದ ಮೈಮೇಲೆ ಇಳಿಯುವ ದಪ್ಪ ಪೈಪುಗಳನ್ನು ತೋರಿಸಿ, 'ನೋಡು ಪುಟ್ಟಿ, ನಮ್ಮನೆ ಬಲ್ಬಿನ ಬೇರು ಇಲ್ಲಿದೆ' ಎಂದೆ. ಆ ಪ್ರವಾಸದ ಕತೆಯನ್ನು ನಾನು ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. ಮಗಳು ಫಿಸಿಕ್ಸ್ ಓದಿದ್ದು ಯಾರಿಂದ ಅಂತ ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ.

ಈಗ ಅದೇ ಮಗಳು ಅದೇ ಮಾತನ್ನು ನನ್ನ ಮುಂದೆ ಇಟ್ಟಳು. "ನೀವು ಟಾಂಗ್ ಟೆಸ್ಟರ್ ಇಟ್ಕೊಂಡಿದ್ರಲ್ಲ ಅಪ್ಪ. ತಂತೀನ ಮುಟ್ಟದೆ, ಸುತ್ತ ಅದರ ಬಾಯಿ ಕಚ್ಚಿಸಿದ್ರೆ ಸಾಕು, ಒಳಗೆ ಎಷ್ಟು ಕರೆಂಟು ಹೋಗ್ತಿದೆ ಅಂತ ಹೇಳುತ್ತೆ. ಯಾಕೆ ಅಂದ್ರೆ ಕರೆಂಟು ಹರಿಯೋ ಕಡೆ ಸುತ್ತಲೂ ಅಯಸ್ಕಾಂತದ ಗುರುತು ಬಿಡುತ್ತೆ. ಇಡೀ ಸೂರ್ಯನ್ನ ಉರಿಸೋವಷ್ಟು ಕರೆಂಟು ಹೊರಗಿಂದ ಹೋಗ್ತಿದ್ರೆ ಆ ಗುರುತು ಎಷ್ಟು ದೊಡ್ಡದಿರ್ಬೇಕು? ಸೂರ್ಯನ ಹತ್ರಕ್ಕೆ ನೌಕೆಗಳು ಹೋಗಿವೆ. ನಮ್ಮ ದೇಶದ್ದೂ ಒಂದು ದೂರದಲ್ಲಿ ನಿಂತು ಅದನ್ನೇ ನೋಡ್ತಾ ಇದೆ. ಅಳೆದು ನೋಡಿದಾರೆ. ಸೂರ್ಯನಿಂದ ಹೊರಗೆ ಹರಿದು ಬರೋ ಕಣಗಳು ಸಿಗ್ತವೆ. ಅಷ್ಟು ದೊಡ್ಡ ಸಪ್ಲೈ ಒಳಗೆ ಹೋಗೋ ಲೈನ್ ಮಾತ್ರ ಎಲ್ಲೂ ಸಿಕ್ಕಿಲ್ಲ. ನಿಮಗೆ ಸಿಕ್ಕಿದ್ರೆ ತೋರಿಸಿ, ನಾಳೆಯಿಂದ ನಾನು ನಿಮ್ಮ ಪಾಠವನ್ನೇ ಮಾಡ್ತೀನಿ." ಇಷ್ಟು ಹೇಳಿ ಅವಳು ಕಾಲೇಜಿಗೆ ಹೊರಟಳು.

ಟ್ರಂಕು ತೆಗೆದು ಟಾಂಗ್ ಟೆಸ್ಟರನ್ನು ಕೈಗೆತ್ತಿಕೊಂಡೆ. ಏಡಿಯ ಕೊಂಡಿಯ ಹಾಗೆ ಬಾಯಿ ತೆರೆಯುವ ಆ ಹಳೆಯ ಮೀಟರು ನನಗೆ ಎಂದೂ ಸುಳ್ಳು ಹೇಳಿದ್ದಿಲ್ಲ. ತಾರಸಿಗೆ ಹೋಗಿ, ಯಾಕೆ ಅಂತ ನನಗೂ ಗೊತ್ತಿಲ್ಲ, ಅದರ ಬಾಯಿ ತೆರೆದು ಸೂರ್ಯನ ಕಡೆಗೆ ಎತ್ತಿ ಹಿಡಿದೆ. ಸಂಡಿಗೆ ಒಣಹಾಕುತ್ತಿದ್ದ ಗಿರಿಜೆ ತಿರುಗಿ ನೋಡಿ, "ಏನ್ರೀ ಅದು? ಸೂರ್ಯನ್ನ ಕಿತ್ತು ಕೆಳಗಿಳಿಸ್ತೀರಾ? ಸ್ವಲ್ಪ ತಡೀರಿ, ಸಂಡಿಗೆ ಇನ್ನೂ ಒಣಗಿಲ್ಲ" ಎಂದಳು. ಮುಳ್ಳು ಸೊನ್ನೆಯಿಂದ ಅಲ್ಲಾಡಲಿಲ್ಲ. ಅಲ್ಲಾಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ, ನಾನು ಯಾವ ಹೊಸಬನಿಗೂ ಕೊಡದ ರಿಯಾಯಿತಿಯನ್ನು ನನಗೆ ನಾನೇ ಕೊಟ್ಟುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಆ ಬಿಳಿಗಡ್ಡದ ಯಜಮಾನರು ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದ್ದರೆ ಮೊದಲ ದಿನವೇ ಅವರಿಗೆ ಲೈನ್ ಹಿಡಿದು ನಡೆಯಲು ಹೇಳಿರುತ್ತಿದ್ದೆ. ಸಪ್ಲೈ ತೋರಿಸಲಾಗದ ಫೋರ್‌ಮನ್ ಭಾಷಣ ಮಾಡಬಾರದು. ಇದು ವಿಜ್ಞಾನವಲ್ಲ, ಕಾರ್ಖಾನೆಯ ಶಿಸ್ತು.

ರಥಸಪ್ತಮಿಯ ಹಿಂದಿನ ದಿನ ಗುರುಶಾಂತಪ್ಪನವರ ಮನೆಗೆ ಹೋದೆ. ದಾರಿಯುದ್ದಕ್ಕೂ ಎಂಥ ತ್ಯಾಗಿ ನಾನು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ನೋಡಿ, ನಾನು ಯೋಚನೆ ಮಾಡಿದೆ. ವಯಸ್ಸಾದೋರು ದಾರಿ ಬಿಡಬೇಕು. ನನ್ನ ಬದಲು ನನ್ನ ಮಗಳು ಮಾತಾಡ್ಲಿ. ನೀವು ಬೇಜಾರು ಮಾಡ್ಕೋಬಾರ್ದು" ಎಂದೆ. ಗುರುಶಾಂತಪ್ಪನವರ ಮುಖ ಹಬ್ಬದ ಹಾಗೆ ಅರಳಿತು. "ಬೇಜಾರಾ? ಅಯ್ಯೋ ಮಾರಾಯ್ರೆ, ಬದುಕಿಸಿದ್ರಿ! ಅವತ್ತು ನಾನು ಬಂದಿದ್ದೇ ಮೇಡಮ್ಮನ್ನ ಕರೆಯೋಕೆ. ನೀವು ಕೈ ಹಿಡ್ಕೊಂಡು ಬರ್ತೀನಿ ಅಂದ್ಬಿಟ್ರಿ. ನನಗೆ ಏನು ಹೇಳ್ಬೇಕೋ ತೋಚಲಿಲ್ಲ. ಕಾಲೇಜಿಗೇ ಹೋಗಿ ಮೇಡಮ್ಮಿಗೆ ಹೇಳಿದ್ರೆ ಅವರು, ದಯವಿಟ್ಟು ಅಪ್ಪಂಗೆ ಏನೂ ಹೇಳ್ಬೇಡಿ, ಅವರೇ ಮಾತಾಡ್ಲಿ, ನಾನು ಮುಂದಿನ ವರ್ಷ ಬರ್ತೀನಿ ಅಂದ್ರು."

ಊರೆಲ್ಲ ನಕ್ಕರೂ ಸರಿ, ತನ್ನ ಕ್ಲಾಸಿನ ಮಕ್ಕಳು ನಕ್ಕರೂ ಸರಿ, ಅಪ್ಪನ ಕೈಯಿಂದ ಮೈಕ್ ಕಿತ್ತುಕೊಳ್ಳುವುದಿಲ್ಲ ಅಂತ ಅವಳು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಳು. ನನ್ನದಲ್ಲದ ಸಿಂಹಾಸನವನ್ನು ದಾನ ಮಾಡಿ ಬರುತ್ತಾ, ಮನೆ ಬಂದದ್ದೇ ಗೊತ್ತಾಗಲಿಲ್ಲ. ಸುಮನಾಗೆ, "ನಾಳೆ ನೀನೇ ಮಾತಾಡು, ನನಗೆ ಗಂಟಲು ಸರಿ ಇಲ್ಲ" ಎಂದಷ್ಟೇ ಹೇಳಿದೆ. ಅವಳು ನನ್ನನ್ನೇ ನೋಡಿ, "ಶುಂಠಿ ಕಷಾಯ ಮಾಡ್ಲಾ ಅಪ್ಪ?" ಎಂದಳು.

ಮರುದಿನ ಆರ್ಮುಗಂ ತನ್ನ ಪಟಾಲಮ್ಮಿನೊಂದಿಗೆ ಬಂದು ಮೊದಲ ಸಾಲಿನ ಕುರ್ಚಿಗಳನ್ನು ಹಿಡಿದಿದ್ದ. ಕಬ್ಬಿಣದ ಮಂದಿ, ಎದೆಯ ಮೇಲೆ ಕೈಕಟ್ಟಿ ಕೂತಿದ್ದರು. ಸುಮನಾ ಮೈಕಿನ ಮುಂದೆ ಬಂದಾಗ ಅವನು ನನ್ನ ಕಡೆ ತಿರುಗಿ ಕಣ್ಣಲ್ಲೇ ಏನಿದು ಎಂದು ಕೇಳಿದ. ನಾನು ಮರದ ಕಡೆ ನೋಡಿದೆ.

"ಎಲ್ಲರಿಗೂ ನಮಸ್ಕಾರ. ನನ್ನನ್ನ ನಿಮಗೆಲ್ಲ ಸುಮನಾ ಮೇಡಂ ಅಂತ ಗೊತ್ತು. ನಾನು ಭದ್ರಾವತಿಯ ಫೋರ್‌ಮನ್ ಮಹೇಶ್ವರಪ್ಪನವರ ಮಗಳು" ಎಂದು ಅವಳು ಶುರು ಮಾಡಿದಳು. ಮೊದಲ ಸಾಲಿನಿಂದ ಸೀಟಿ ಬಿತ್ತು. "ಚಿಕ್ಕವಳಿದ್ದಾಗ ನಮ್ಮಪ್ಪ ನನಗೆ ಬಲ್ಬಿನಿಂದ ಹಿಡಿದು ಜೋಗದವರೆಗೆ ಲೈನ್ ತೋರಿಸಿದ್ರು. ಅಲ್ಲಿ ನಿಂತು ನಾನು ಕೇಳಿದೆ, ಈ ನೀರು ಎಲ್ಲಿಂದ? ಮಳೆಯಿಂದ ಅಂದ್ರು. ಮಳೆ ಎಲ್ಲಿಂದ? ಸೂರ್ಯ ಸಮುದ್ರದ ನೀರನ್ನ ಮೇಲಕ್ಕೆತ್ತೋದ್ರಿಂದ ಅಂದ್ರು. ಹಾಗಾದ್ರೆ ಸೂರ್ಯನಿಗೆ ಲೈನ್ ಎಲ್ಲಿಂದ ಅಪ್ಪ ಅಂತ ಕೇಳಿದೆ. ಅದಕ್ಕೆ ನಮ್ಮಪ್ಪ ಉತ್ತರ ಹೇಳಲಿಲ್ಲ. ಆ ಉತ್ತರ ಹುಡುಕೋಕೆ ಅಂತಲೇ ನಾನು ಫಿಸಿಕ್ಸ್ ಓದಿದೆ. ಇವತ್ತು ಅದನ್ನ ಅವರಿಗೂ ನಿಮಗೂ ಒಪ್ಪಿಸ್ತೀನಿ."

ಆಮೇಲೆ ಅವಳು ಹೈಡ್ರೋಜನ್ನು, ಹೀಲಿಯಮ್ಮು, ಸೂರ್ಯನ ಹೊಟ್ಟೆಯ ಒಳಗಿನಿಂದ ಹೊರಟು ನಮ್ಮ ಮೈಯೊಳಗಿಂದ ನಮಗೇ ಗೊತ್ತಾಗದಂತೆ ಹಾದುಹೋಗುವ ಕಣಗಳು, ಎಲ್ಲವನ್ನೂ ಹೇಳಿದಳಂತೆ. ಹೊರಗಿನಿಂದ ಕರೆಂಟು ಬರುತ್ತದೆ ಎನ್ನುವವರೂ ಇದ್ದಾರೆ, ಪ್ರಶ್ನೆ ಕೇಳುವುದು ತಪ್ಪಲ್ಲ, ಲೈನ್ ತೋರಿಸಬೇಕು ಅಷ್ಟೆ, ಇದು ನಮ್ಮಪ್ಪ ಕಲಿಸಿದ್ದು ಅಂತಲೂ ಹೇಳಿದಳಂತೆ. ಹೇಳಿದಳಂತೆ ಅನ್ನುತ್ತಿರುವುದು ಯಾಕೆಂದರೆ ನನಗೆ ಏನೂ ಸರಿಯಾಗಿ ಕೇಳಿಸಲಿಲ್ಲ. ಕಣ್ಣು ತುಂಬಿದಾಗ ನನಗೆ ಕಿವಿಯೂ ಮಂದವಾಗುತ್ತದೆ. ಗುರುಶಾಂತಪ್ಪನವರು ಬಂದು, "ಫೋರ್‌ಮನ್ ಸಾಹೇಬ್ರೆ, ಒಂದು ಫೋಟೋ" ಎಂದು ನನ್ನನ್ನು ಅವಳ ಪಕ್ಕ ನಿಲ್ಲಿಸಿದರು. ಅವತ್ತು ಉಪ್ಪಿಟ್ಟಿನ ಸಾಲಿನಲ್ಲಿ ಎಲ್ಲರೂ ನನ್ನನ್ನು ಫೋರ್‌ಮನ್ ಅಂತಲೇ ಕರೆದರು. ಹಿಂದಕ್ಕೆ ನಡೆಯುವವರು ಕೂಡ ಮುಂದಕ್ಕೆ ನಡೆದು ಬಂದು ಕೈ ಕುಲುಕಿದರು.

ಉಪ್ಪಿಟ್ಟು ತಿನ್ನುತ್ತಾ ಆರ್ಮುಗಂ ಹತ್ತಿರ ಸರಿದು, "ಸಾರ್, ಪಾಪ ಮಗು ಅಷ್ಟು ಚೆನ್ನಾಗಿ ಕೇಳಿದ್ರೆ ಅವತ್ತು ನೀವು ಏನು ಮಾಡಿದ್ರಿ?" ಎಂದು ಕೇಳಿದ. ನೆನಪಿಸಿಕೊಂಡೆ. ಜೋಗದ ಆ ಭಾನುವಾರದ ಕತೆಯನ್ನು ಅಷ್ಟು ಜನಕ್ಕೆ ಹೇಳಿದ್ದರೂ ಆ ಕೊನೆಯ ಪ್ರಶ್ನೆಯನ್ನು ನಾನು ಪೂರ್ತಿ ಮರೆತಿದ್ದೆ. ಏನು ಮಾಡಿದೆನೆಂಬುದು ಮಾತ್ರ ಚೆನ್ನಾಗಿ ನೆನಪಿತ್ತು. "ಐಸ್‌ಕ್ಯಾಂಡಿ ಕೊಡಿಸಿದೆ" ಎಂದೆ.

ಈಗ ನಾನು ಇದನ್ನು ಬೇರೆ ರೀತಿ ನೋಡುತ್ತಿದ್ದೇನೆ. ಆ ಕಾಲದಲ್ಲಿ ನನ್ನ ಕೈಯಲ್ಲಿ ಈ ಮೊಬೈಲು ಇದ್ದಿದ್ದರೆ, ಆ ಬಿಳಿಗಡ್ಡದವರನ್ನು ನಾನು ಆಗಲೇ ಕೇಳಿದ್ದಿದ್ದರೆ, ಜೋಗದಲ್ಲೇ ಎದೆಯುಬ್ಬಿಸಿ ಉತ್ತರ ಹೇಳಿಬಿಡುತ್ತಿದ್ದೆ. ಮಗು ನಂಬಿಬಿಡುತ್ತಿತ್ತು. ಶಿವಮೊಗ್ಗಕ್ಕೆ ಒಬ್ಬ ಒಳ್ಳೆಯ ಫಿಸಿಕ್ಸ್ ಮೇಡಂ ತಪ್ಪಿಹೋಗುತ್ತಿದ್ದಳು. ಅಂದರೆ ಅವಳ ಇಷ್ಟೆಲ್ಲ ವಿದ್ಯೆಗೆ ಮೂಲ ನನಗೆ ಅವತ್ತು ಏನೂ ಗೊತ್ತಿರದೇ ಇದ್ದದ್ದು. ಇಷ್ಟು ದೊಡ್ಡ ಸಾಧನೆಯನ್ನು ಮುಚ್ಚಿಟ್ಟುಕೊಳ್ಳುವುದು ಹೇಗೆ? ಹಾಗಾಗಿ ಪಾರ್ಕಿನಲ್ಲಿ ಹೊಸ ಸಿದ್ಧಾಂತ ಸಾರುತ್ತಿದ್ದೇನೆ. ಯಾರ ಮೊಮ್ಮಕ್ಕಳಾದರೂ ನನ್ನ ಹತ್ತಿರ ಬಂದು ಆಕಾಶ ಯಾಕೆ ನೀಲಿ, ಗುಡುಗಿಗೆ ಸದ್ದು ಯಾಕೆ ಅಂತ ಕೇಳಿದರೆ, ಉತ್ತರ ಗೊತ್ತಿದ್ದರೂ ಹೇಳುವುದಿಲ್ಲ. ಗೇಟಿನ ಬಳಿ ಕರೆದುಕೊಂಡು ಹೋಗಿ ಐಸ್‌ಕ್ಯಾಂಡಿ ಕೊಡಿಸುತ್ತೇನೆ. ಶೀತ ಆಗುತ್ತೆ ಅಂತ ತಾಯಂದಿರು ಬೈಯುತ್ತಾರೆ. ಬೈಯಲಿ. ಮುಂದೆ ಆ ಮಕ್ಕಳು ಏನೇನು ಆಗುತ್ತಾರೋ, ಆಗ ನನ್ನ ನೆನಪಾಗುತ್ತದೆ.

ಮೊನ್ನೆ ಇದನ್ನೆಲ್ಲ ಗಿರಿಜೆಗೆ ಹೇಳಿಕೊಂಡು ಬೀಗುತ್ತಾ ನಡೆಯುತ್ತಿದ್ದೆ. ಅವಳು ಗೇಟಿನ ಬಳಿ ನಿಂತು, "ಅಲ್ರೀ, ಉತ್ತರ ಗೊತ್ತಿದ್ರೂ ಹೇಳಲ್ಲ ಅಂತೀರಲ್ಲ, ಯಾವ ಉತ್ತರ ಗೊತ್ತಿದೆ ನಿಮಗೆ?" ಎಂದು ಕೇಳಿದಳು.

ಅವಳಿಗೂ ಒಂದು ಐಸ್‌ಕ್ಯಾಂಡಿ ಕೊಡಿಸಿದೆ.